ಮನೆ ಮುಂದೆ ಬಿಟ್ಟಿ ಮರ ನೆಟ್ಟು ಕೊಡುತ್ತಾರಂತೆ. ಹೂಂ ಅನ್ನಲಾ, ಬೇಡ ಅನ್ನಲಾ?

ಅರಸೀಕೆರೆ_ಅಟ್ಲಾಂಟಾ · ಸೆಪ್ಟೆಂಬರ್ 14, 2025

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಟ್ಲಾಂಟಾದ ದಕ್ಷಿಣ ಭಾಗದಲ್ಲಿ, ಏರ್‌ಪೋರ್ಟಿಗೆ ಹತ್ತಿರ. ಕನ್ನಡದವರು ಜಾಸ್ತಿ ಉತ್ತರಕ್ಕೆ, ಆಲ್ಫರೆಟ್ಟಾ, ಕಮ್ಮಿಂಗ್ ಕಡೆ. ನನಗೆ ಕೆಲಸ ಇಲ್ಲೇ, ಮನೆ ಬೆಲೆಯೂ ಕೈಗೆಟುಕಿತು, ಹಾಗಾಗಿ ಇಲ್ಲೇ ತಗೊಂಡೆವು.

ಹೋದ ವಾರ ಬಾಗಿಲಿಗೆ ಯಾರೋ ಒಂದು ಚೀಟಿ ಸಿಕ್ಕಿಸಿ ಹೋಗಿದ್ದಾರೆ. ರಸ್ತೆ ಕಡೆ ಅಂಗಳದಲ್ಲಿ ಜಾಗ ಇದ್ದರೆ ಒಂದು ನೆರಳಿನ ಮರ ಪುಕ್ಕಟೆ. ಅವರ ಜನವೇ ಬಂದು ಗುಂಡಿ ತೋಡಿ ನೆಡುತ್ತಾರಂತೆ. ಎರಡು ವರ್ಷ ನೀರು ಹಾಕುವುದು ಮಾತ್ರ ನಮ್ಮ ಪಾಲು.

ಅಪ್ಪ ಊರಿಂದ ಬಂದಿದ್ದಾರೆ, ಡಿಸೆಂಬರ್ ತನಕ ಇರುತ್ತಾರೆ. ಸಂಜೆ ವಾಕಿಂಗ್ ಹೋಗದೆ ಅವರಿಗೆ ಊಟ ಸೇರುವುದಿಲ್ಲ. ನಮ್ಮ ಬೀದಿಯಲ್ಲಿ ನೆರಳೇ ಇಲ್ಲ. ಮೂಲೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬನಿಯನ್ ಒದ್ದೆ. ದಾರಿಯಲ್ಲಿ ಒಂದೇ ಒಂದು ದೊಡ್ಡ ಮರ, ಎದುರು ಸಾಲಿನ ಅಜ್ಜಿ ಮನೆ ಮುಂದೆ. ಅಪ್ಪ ದಿನಾ ಅಲ್ಲಿ ನಿಂತು ಟವೆಲ್‌ನಲ್ಲಿ ಮುಖ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಹೋದ ತಿಂಗಳಿಂದ ಆ ಅಜ್ಜಿ ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಇವರಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಹತ್ತು ನಿಮಿಷ ಕೂತು, ಇಬ್ಬರೂ ತಲೆ ಆಡಿಸಿ, ಎದ್ದು ಬರುತ್ತಾರೆ.

ಅಪ್ಪನದು ಒಂದೇ ಮಾತು: ನೆಡು. ನನ್ನ ಹೆಂಡತಿ ಬೇಡ ಅನ್ನುತ್ತಾಳೆ. ಕಳೆದ ವರ್ಷ ಹೆಲೀನ್ ಚಂಡಮಾರುತ ಬಂದಾಗ ಅವಳ ಅಣ್ಣ ಅಗಸ್ಟಾದಲ್ಲಿದ್ದರು. ಪಕ್ಕದ ಮನೆ ಓಕ್ ಮರ ಇವರ ಗ್ಯಾರೇಜ್ ಮೇಲೆ ಬಿತ್ತು. ಕಾರು ಅಪ್ಪಳದ ಥರ ಆಗಿತ್ತು. "ನೆರಳು ಬೇಕು ಅಂತ ತಲೆ ಮೇಲೆ ಮರ ಕೂರಿಸಿಕೊಳ್ಳಬೇಕಾ?" ಅಂತಾಳೆ. ಅದೂ ಸರಿ ಅನ್ನಿಸುತ್ತೆ. ನೀವೇನು ಹೇಳುತ್ತೀರಿ?

ಹೊಂಗೆ ನೆರಳು

ಬಿಟ್ಟಿ ಮರ ಬೇಡ ಅನ್ನುವವರನ್ನು ಇದೇ ಮೊದಲು ನೋಡುತ್ತಿರುವುದು. ತಗೊಳ್ಳಿ ಮಾರಾಯ್ರೇ.

ಕಮ್ಮಿಂಗ್ ಕಾಕಾ

ತಮ್ಮಾ, ಹೆಂಡತಿ ಮಾತು ಕೇಳು. 19 ವರ್ಷದಿಂದ ಈ ರಾಜ್ಯದಲ್ಲಿದ್ದೇನೆ. ನವೆಂಬರ್ ತಿಂಗಳಿಡೀ ಎಲೆ ಬಳಿಯುವುದೇ ಕೆಲಸ. ಸೂರಿನ ಗಟರ್ ಕಟ್ಟಿಕೊಂಡು ನೀರು ಗೋಡೆಗೆ ಇಳಿಯುತ್ತದೆ. ಮಾರ್ಚ್ ಬಂದರೆ ಹಳದಿ ಪುಡಿ. ಈ ವರ್ಷ ಮಾರ್ಚ್ 29ಕ್ಕೆ ಅಟ್ಲಾಂಟಾದ ಪರಾಗದ ಲೆಕ್ಕ ಒಂದು ಘನ ಮೀಟರ್ ಗಾಳಿಗೆ 14,801 ಕಣ, ಇಲ್ಲಿ ತನಕದ ದಾಖಲೆ. ನನ್ನ ಕಾರು ಅರಿಶಿನ ಶಾಸ್ತ್ರ ಮುಗಿಸಿದ ಮದುಮಗನ ಹಾಗೆ ನಿಂತಿತ್ತು. ಇವತ್ತು ಬಿಟ್ಟಿ ಬಂದ ಮರವನ್ನು ನಾಳೆ ಕಡಿಸಬೇಕಾದರೆ ಸಾವಿರಾರು ಡಾಲರ್. ಬೇಡ.

ಹಳೇಬೇರು

ಶಾರ್ಲೆಟ್‌ನಲ್ಲಿ ಮರ ಹತ್ತುವುದು, ಸವರುವುದು, ಕಾಯಿಲೆ ನೋಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅತ್ತಿಗೆಯವರ ಭಯದ ವಿಚಾರ. ಅದು ಸುಮ್ನೆ ಭಯ ಅಲ್ಲ. ಹೆಲೀನ್‌ನಲ್ಲಿ ಮರ ಬಿದ್ದು ಸತ್ತವರು ಬಹಳ ಜನ. ಆದರೆ ಎಲ್ಲಾ ಮರವೂ ಒಂದೇ ಥರ ಬೀಳುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಬೀದಿಗಳಲ್ಲಿ ಮನೆ ಮೇಲೆ ಬೀಳುವ ಮರ ಯಾವುದು ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ ವಾಟರ್ ಓಕ್ ಅನ್ನುತ್ತೇನೆ. ಬೇಗ ಬೆಳೆಯುತ್ತದೆ ಅಂತ ಒಂದು ಕಾಲದಲ್ಲಿ ಎಲ್ಲಾ ಕಡೆ ಬಿಟ್ಟರು. ಅರವತ್ತು, ಎಪ್ಪತ್ತು ವರ್ಷಕ್ಕೆ ಒಳಗೆ ಟೊಳ್ಳು, ಹೊರಗೆ ಮಾತ್ರ ಜಟ್ಟಿ. ಲಾರೆಲ್ ಓಕ್ ಕೂಡ ಅದೇ ಜಾತಿ ಬುದ್ಧಿ. ಫ್ಲಾರಿಡಾ ವಿಶ್ವವಿದ್ಯಾಲಯದವರು ಒಂದೊಂದು ಚಂಡಮಾರುತ ಆದ ಮೇಲೂ ಬಿದ್ದ ಮರ, ನಿಂತ ಮರ ಎಣಿಸಿದ್ದಾರೆ. ಚೆನ್ನಾಗಿ ತಡೆದುಕೊಂಡ ಸಾಲಿನಲ್ಲಿ ಲೈವ್ ಓಕ್, ಬಾಲ್ಡ್ ಸೈಪ್ರೆಸ್, ಸದರ್ನ್ ಮ್ಯಾಗ್ನೋಲಿಯಾ ಇವೆ. ಇನ್ನೊಂದು ವಿಷಯ ಅವರು ಕಂಡದ್ದು: ಗುಂಪಿನಲ್ಲಿರುವ ಮರ ಒಂಟಿ ಮರಕ್ಕಿಂತ ಚೆನ್ನಾಗಿ ಗಾಳಿ ತಡೆಯುತ್ತದೆ.

ಪಕ್ಕದ ಮನೆ ಮರ ಬಿತ್ತು ಅಂದಿರಲ್ಲ, ಅದರ ಬುಡದಲ್ಲಿ ಹಿಂದೆ ಯಾವಾಗಲಾದರೂ ಪೈಪ್ ಹಾಕಲು ಅಗೆದಿದ್ದರಾ, ಡ್ರೈವ್‌ವೇ ಅಗಲ ಮಾಡಿದ್ದರಾ ಕೇಳಿ ನೋಡಿ. ಬೇರು ಕತ್ತರಿಸಿ ಹತ್ತು ವರ್ಷ ಆದ ಮೇಲೆ ಮರ ಬೀಳುತ್ತದೆ, ನಾವು ಗಾಳಿಗೆ ಬೈಯುತ್ತೇವೆ.

ನಿಮಗೆ ನನ್ನ ಸಲಹೆ: ವೈಟ್ ಓಕ್ ಇಲ್ಲಾ ಓವರ್‌ಕಪ್ ಓಕ್ ಕೇಳಿ. ಗೋಡೆಯಿಂದ ಕಡಿಮೆ ಅಂದರೂ 20 ಅಡಿ ದೂರ ಇರಲಿ. ತಲೆ ಮೇಲೆ ಕರೆಂಟ್ ತಂತಿ ಇದ್ದರೆ ದೊಡ್ಡ ಮರ ಬೇಡವೇ ಬೇಡ.

ಕಾಕಾ, ನಿಮ್ಮ ಹಳದಿ ಪುಡಿ ಪೈನ್ ಮರದ್ದು. ಕಣ ದಪ್ಪ, ಅದರಿಂದ ಅಲರ್ಜಿ ಆಗುವುದು ಕಡಿಮೆ. ಸೀನು ಬರಿಸುವುದು ಕಣ್ಣಿಗೆ ಕಾಣದ ಓಕ್, ಬರ್ಚ್ ಪರಾಗ.

ಕಮ್ಮಿಂಗ್ ಕಾಕಾ

ಮತ್ತೆ ಓಕನ್ನೇ ನೆಡು ಅಂತ ಹೇಳುತ್ತೀರಲ್ರೀ!

ಹಳೇಬೇರು

ಹೇಳುತ್ತೇನೆ. ಊರಲ್ಲಿ ಲಕ್ಷಗಟ್ಟಲೆ ಓಕ್ ಇವೆ. ಇವರದೊಂದು ಸೇರಿದರೆ ನಿಮ್ಮ ಮೂಗಿಗೆ ಗೊತ್ತಾಗಲ್ಲ.

ಸಂಪಿಗೆ ರಸ್ತೆ

ಮ್ಯಾಗ್ನೋಲಿಯಾ ತಗೊಳ್ಳಿ. ನಮ್ಮ ಸಂಪಿಗೆಯ ಅಕ್ಕ ಅದು. ಮೇ ತಿಂಗಳಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿ ಹೂ. ಬಾಗಿಲು ತೆಗೆದರೆ ಮಲ್ಲೇಶ್ವರ.

ಬಯಲುಸೀಮೆ

ಸಂಪಿಗೆ ಬೇರೆ, ಅದು ಮೈಕೇಲಿಯಾ ಅಲ್ವಾ?

ಸಂಪಿಗೆ ರಸ್ತೆ

ಹಳೇ ಹೆಸರು ಅದು. ಈಗ ಮ್ಯಾಗ್ನೋಲಿಯಾ ಚಂಪಕಾ ಅಂತಲೇ ಕರೆಯುತ್ತಾರೆ. ಇಲ್ಲಿ ಮನೆ ಮನೆ ಮುಂದೆ ಇರುವ ಕ್ರೇಪ್ ಮರ್ಟಲ್ ಕೂಡ ನಮ್ಮ ಹೊಳೆದಾಸವಾಳದ ನೆಂಟ. ಪಾಪ ಅದನ್ನು ಚಳಿಗಾಲದಲ್ಲಿ ತಲೆ ಬೋಳಿಸಿ ನಿಲ್ಲಿಸುತ್ತಾರೆ. ಅದಕ್ಕೆ ಇಲ್ಲಿನವರೇ 'ಕ್ರೇಪ್ ಮರ್ಡರ್' ಅಂತ ಹೆಸರಿಟ್ಟಿದ್ದಾರೆ.

ಹಳೇಬೇರು

ಮ್ಯಾಗ್ನೋಲಿಯಾ ಚೆಂದ, ಆದರೆ ಕೊಂಬೆ ನೆಲದ ತನಕ ಇಳಿಯುತ್ತದೆ. ಅಡಿಯಲ್ಲಿ ಕುರ್ಚಿ ಹಾಕಲು ಆಗಲ್ಲ. ಇವರಿಗೆ ಬೇಕಿರುವುದು ನಡೆಯುವವರ ತಲೆಗೆ ನೆರಳು.

ರಿಚ್ಮಂಡ್ ರಾಯರು

ಒಂದು ಮಾತು. ನಿಮ್ಮ ಬೀದಿಯಲ್ಲಿ ನೆರಳಿಲ್ಲ, ಉತ್ತರದ ಬೀದಿಗಳಲ್ಲಿ ಇದೆ ಅನ್ನುವುದು ಸುಮ್ನೆ ಆದದ್ದಲ್ಲ.

1930ರ ದಶಕದಲ್ಲಿ ಇಲ್ಲಿನ ಫೆಡರಲ್ ಸರ್ಕಾರದ ಗೃಹಸಾಲದ ಸಂಸ್ಥೆಯೊಂದು ಊರೂರಿನ ನಕ್ಷೆಗೆ ಬಣ್ಣ ಹಚ್ಚಿತು. ಹಸಿರು ಅಂದರೆ ಎ ದರ್ಜೆ, ಸಾಲಕ್ಕೆ ಒಳ್ಳೇ ಜಾಗ. ಕೆಂಪು ಅಂದರೆ ಡಿ ದರ್ಜೆ, ಅಪಾಯ. ಕಪ್ಪು ಜನ ಇದ್ದ ಬೀದಿಗಳಿಗೆ ಹೆಚ್ಚುಕಡಿಮೆ ಕೆಂಪೇ. ಸಾಲ ಹುಟ್ಟದ ಕಡೆ ಮನೆ ರಿಪೇರಿ ಇಲ್ಲ, ಪಾರ್ಕ್ ಇಲ್ಲ, ಮರ ಇಲ್ಲ. ಆಮೇಲೆ ಹೈವೇ ತಂದದ್ದೂ ಅಂಥ ಬೀದಿಗಳ ಮೇಲೇ. 37 ಊರುಗಳ ಹಳೇ ನಕ್ಷೆಯನ್ನು ಈಗಿನ ಮರಗಳ ಮೇಲಿಟ್ಟು ನೋಡಿದ್ದಾರೆ. ಎ ದರ್ಜೆಯ ಕಡೆ ಸರಾಸರಿ 43% ಜಾಗಕ್ಕೆ ಮರದ ಹೊದಿಕೆ ಇದೆ. ಡಿ ದರ್ಜೆಯಲ್ಲಿ 23%. ಇನ್ನೊಂದು ಅಧ್ಯಯನ 2020ರಲ್ಲಿ ಬಂತು, 108 ಊರುಗಳದು. ಕೆಂಪು ಬಣ್ಣದ ಜಾಗಗಳು ಉಳಿದವಕ್ಕಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಬಿಸಿ.

ನಮ್ಮ ರಿಚ್ಮಂಡಿನಲ್ಲಿ 2017ರ ಜುಲೈನಲ್ಲಿ ಕಾರು, ಸೈಕಲ್‌ಗಳಿಗೆ ಥರ್ಮಾಮೀಟರ್ ಕಟ್ಟಿಕೊಂಡು ಊರೆಲ್ಲಾ ಸುತ್ತಿ ಅಳೆದರು. ಒಂದೇ ದಿನ, ಒಂದೇ ಹೊತ್ತು. ಅತಿ ತಂಪಾದ ಜಾಗಕ್ಕೂ ಅತಿ ಬಿಸಿ ಜಾಗಕ್ಕೂ 16 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ.

ಕಮ್ಮಿಂಗ್ ಕಾಕಾ

ರಾಯರೇ, ಅವರು ಕೇಳಿದ್ದು ಮರ ಬೇಕಾ ಬೇಡವಾ ಅಂತ. ನೀವು ಇತಿಹಾಸದ ಪಾಠ ಶುರು ಮಾಡಿದಿರಿ. ಎಲ್ಲದಕ್ಕೂ ಬಣ್ಣ ಎಳೆಯಬೇಡಿ. ನನ್ನ ಲೇಔಟ್‌ನಲ್ಲೂ ಬಿಲ್ಡರ್ ಒಂದು ಮರ ಬಿಡದೆ ಬೋಳಿಸಿದ್ದಾನೆ. ಆರು ಲಕ್ಷ ಡಾಲರ್ ಕೊಟ್ಟವರಿಗೂ ನೆರಳಿಲ್ಲ.

ರಿಚ್ಮಂಡ್ ರಾಯರು

ಬಣ್ಣ ಎಳೆದದ್ದು ನಾನಲ್ಲ ಕಾಕಾ, ಆ ನಕ್ಷೆ ಬರೆದವರು. ನಿಮಗೆ ನೆರಳಿಲ್ಲ ಅಂದರೆ ಎಸಿ ಇದೆ, ಕಾರು ಇದೆ. ಬಸ್ ಸ್ಟಾಪಿನಲ್ಲಿ ನಿಲ್ಲುವವರ ಲೆಕ್ಕ ಬೇರೆ.

ಪೀಚ್‌ಟ್ರೀ ಪದ್ದಿ

ಇಬ್ಬರೂ ಸ್ವಲ್ಪ ತಡೆಯಿರಿ. ಅಟ್ಲಾಂಟಾದಲ್ಲಿ ಚಿತ್ರ ಅಷ್ಟು ನೇರ ಇಲ್ಲ. ನೈಋತ್ಯ ಭಾಗದ ಕ್ಯಾಸ್ಕೇಡ್ ಹೈಟ್ಸ್ ಕಡೆ ಹೋಗಿ ನೋಡಿ, ಕಪ್ಪು ಜನರೇ ಹೆಚ್ಚಿರುವ ಬೀದಿಗಳು, ಒಳಗೆ ಹೊಕ್ಕರೆ ಮಲೆನಾಡಿಗೆ ಬಂದ ಹಾಗಿರುತ್ತದೆ. ಆಗ್ನೇಯದಲ್ಲಿ ಲೇಕ್ ಷಾರ್ಲೆಟ್ ಅಂತ 216 ಎಕರೆ ಕಾಡಿದೆ. ಗೋದಾಮು ಕಟ್ಟಲು ಹೋಗಬಹುದಿದ್ದ ಜಾಗವನ್ನು 2020ರಲ್ಲಿ ನಗರಸಭೆಯೇ ಕೊಂಡು ಉಳಿಸಿತು. ದುಡ್ಡು ಎಲ್ಲಿಂದ ಬಂತು ಗೊತ್ತಾ? ಊರಲ್ಲಿ ಮರ ಕಡಿದವರು ಕಟ್ಟಿದ ಶುಲ್ಕದ ನಿಧಿಯಿಂದ.

ಹಾಗಂತ ಖುಷಿಪಡುವ ಹಾಗೂ ಇಲ್ಲ. ಜಾರ್ಜಿಯಾ ಟೆಕ್‌ನವರು ಉಪಗ್ರಹ ಚಿತ್ರ ಇಟ್ಟು ಲೆಕ್ಕ ಹಾಕುತ್ತಾ ಬಂದಿದ್ದಾರೆ. 2008ರಲ್ಲಿ ಊರಿನ 47.9% ಮರದಡಿ ಇತ್ತು. 2018ಕ್ಕೆ 46.5%. ಕಡಿಮೆ ಅನ್ನಿಸಬಹುದು. ಆದರೆ ಹೋದದ್ದು ನೂರು ವರ್ಷದ ಮರ, ಬಂದದ್ದು ಕೋಲಿನಂಥ ಸಸಿ.

ಬೆಲೆ ಏರಿಕೆ ವಿಚಾರವನ್ನೂ ಯಾರೂ ಎತ್ತಲಿಲ್ಲ. ಹಳೇ ರೈಲು ಹಳಿಯ ಜಾಗದಲ್ಲಿ ಬೆಲ್ಟ್‌ಲೈನ್ ಅನ್ನುವ ನಡೆಯುವ ದಾರಿ ಬಂತು, ಅದರ ಉದ್ದಕ್ಕೂ ಮರ ಬಂತು, ಹಿಂದೆಯೇ ಬಾಡಿಗೆ ಏರಿತು. ಮರ ನೆಡಲು ಬಂದವರನ್ನು ಕಂಡರೆ ನಮ್ಮ ಕಡೆ ಕೆಲವು ಹಿರಿಯರು ಅನುಮಾನದಿಂದ ನೋಡುತ್ತಾರೆ. "ಇಷ್ಟು ವರ್ಷ ಇಲ್ಲದ್ದು ಈಗೇಕೆ, ನಮ್ಮನ್ನು ಎಬ್ಬಿಸಲಿಕ್ಕಾ" ಅಂತ. ತಪ್ಪು ಅನ್ನಲಾರೆ.

ಲೂಯಿವಿಲ್ ಲಚ್ಚಿ

ನಮ್ಮೂರಿನ ಸುದ್ದಿ ಇಲ್ಲಿ ಹೇಳಲೇಬೇಕು. ದಕ್ಷಿಣ ಲೂಯಿವಿಲ್‌ನ ಬೀದಿಗಳಲ್ಲಿ, ವಾಟರ್ಸನ್ ಹೈವೇ ಪಕ್ಕ, ಗ್ರೀನ್ ಹಾರ್ಟ್ ಅಂತ ಒಂದು ಯೋಜನೆ ಮಾಡಿದರು. ಮುಂದೆ ನಿಂತು ಮಾಡಿಸಿದವರು ಅರುಣಿ ಭಟ್ನಾಗರ್, ಇಲ್ಲಿನ ವಿಶ್ವವಿದ್ಯಾಲಯದವರು, ನಮ್ಮ ದೇಶದವರೇ. 8,000 ದೊಡ್ಡ ಮರ, ಪೊದೆ ನೆಟ್ಟರು. ಅಲ್ಲಿಯ ಜನಕ್ಕೆ ಹೃದಯಾಘಾತ 20% ಕಡಿಮೆ ಆಯಿತು!

ಬಯಲುಸೀಮೆ

ನಿಮ್ಮ ಕೆಂಟುಕಿ ಅಮೆರಿಕದ ಸೌತ್ ಅಲ್ಲ.

ಲೂಯಿವಿಲ್ ಲಚ್ಚಿ

ಬಿಸ್ಕೆಟ್ ಗ್ರೇವಿ ತಿನ್ನುವ ಊರೆಲ್ಲಾ ಸೌತೇ.

ಡಾಕ್ಟ್ರು ರಜೆಯಲ್ಲಿ

ಲಚ್ಚಿಯವರೇ, ಸಣ್ಣ ತಿದ್ದುಪಡಿ. ಹೃದಯಾಘಾತವನ್ನು ಅವರು ಎಣಿಸಿಲ್ಲ. ಎಣಿಸಿದ್ದು ರಕ್ತದಲ್ಲಿರುವ ಸಿಆರ್‌ಪಿ ಅನ್ನುವ ಒಂದು ಅಂಶ. ದೇಹದೊಳಗೆ ಉರಿಯೂತ ಎಷ್ಟಿದೆ ಅಂತ ಅದು ತೋರಿಸುತ್ತದೆ. ಮರ ನೆಟ್ಟ ಬೀದಿಯವರಲ್ಲಿ ಅದು, ನೆಡದ ಪಕ್ಕದ ಬೀದಿಯವರಿಗಿಂತ 13ರಿಂದ 20% ಕಡಿಮೆ ಬಂತು. 2024ರ ಆಗಸ್ಟ್‌ನಲ್ಲಿ ಹೇಳಿದ್ದು ಇಷ್ಟು. ಸಿಆರ್‌ಪಿ ಕಡಿಮೆ ಇರುವವರಿಗೆ ಹೃದಯದ ಅಪಾಯವೂ ಕಡಿಮೆ ಅನ್ನುವುದು ಬೇರೆ ಕಡೆಯಿಂದ ಗೊತ್ತಿರುವ ಮಾತು.

ಆದರೂ ಇದು ದೊಡ್ಡದೇ. ಯಾಕೆಂದರೆ ಸಾಮಾನ್ಯವಾಗಿ "ಮರ ಇರುವ ಕಡೆ ಜನ ಆರೋಗ್ಯವಾಗಿದ್ದಾರೆ" ಅಂತ ಲೆಕ್ಕ ತೋರಿಸುತ್ತಾರೆ. ಅಲ್ಲಿ ಸಾಹುಕಾರರೇ ಇರುತ್ತಾರೆ, ಆರೋಗ್ಯವಾಗಿಯೇ ಇರುತ್ತಾರೆ. ಇವರು ಹಾಗೆ ಮಾಡಲಿಲ್ಲ. ಮೊದಲು ರಕ್ತ ತಗೊಂಡರು, ಆಮೇಲೆ ಮರ ನೆಟ್ಟರು, ಮತ್ತೆ ರಕ್ತ ತಗೊಂಡರು. ಮರವನ್ನು ಔಷಧಿಯ ಹಾಗೆ ಕೊಟ್ಟು ನೋಡಿದರು.

ಲೂಯಿವಿಲ್ ಲಚ್ಚಿ

ಸರಿ ಡಾಕ್ಟ್ರೇ, ಒಪ್ಪಿದೆ. ನಮ್ಮ ಯಜಮಾನರ ಸಿಆರ್‌ಪಿ ಜಾಸ್ತಿ ಬಂದಿದೆ. ಎಷ್ಟು ಮರ ಬೇಕಾಗಬಹುದು?

ಡಾಕ್ಟ್ರು ರಜೆಯಲ್ಲಿ

ಮೊದಲು ಗ್ರೇವಿ ಬಿಡಿಸಿ.

ಬಯೂ ಭಟ್ರು

ನ್ಯೂ ಆರ್ಲಿಯನ್ಸ್‌ನಿಂದ. ರಾಯರ ಮಾತಿಗೆ ಒಂದು ಜಾಗ ತೋರಿಸುತ್ತೇನೆ. ಟ್ರೆಮೆ ಅಂತ ಇಲ್ಲಿ ಹಳೇ ಕಪ್ಪು ಜನರ ಪೇಟೆ. ನಡುವೆ ಕ್ಲೇಬೋರ್ನ್ ಅವೆನ್ಯೂ. ರಸ್ತೆ ನಡುವಿನ ಹುಲ್ಲಿನಲ್ಲಿ ಸಾಲು ಸಾಲು ಲೈವ್ ಓಕ್ ಇತ್ತು. ಮಾರ್ಡಿ ಗ್ರಾ ಜಾತ್ರೆಗೆ ಜನ ಬುತ್ತಿ ತಂದು ಅದರಡಿ ಕೂರುತ್ತಿದ್ದರಂತೆ. 1966ರಲ್ಲಿ ಎಲ್ಲಾ ಕಿತ್ತು ಹಾಕಿ ಐ-10 ಹೈವೇಯ ಮೇಲ್ಸೇತುವೆ ತಂದರು. ಅಂಗಡಿಗಳೂ ಒಂದೊಂದೇ ಮುಚ್ಚಿದವು. ಆಮೇಲೆ ಯಾರೋ ಕಲಾವಿದರು ಸೇತುವೆಯ ಕಾಂಕ್ರೀಟ್ ಕಂಬಗಳ ಮೇಲೆ ಓಕ್ ಮರದ ಚಿತ್ರ ಬರೆದರು. ಈಗಲೂ ಜನ ಹಬ್ಬಕ್ಕೆ ಅಲ್ಲೇ ಸೇರುತ್ತಾರೆ, ಬರೆದ ಮರದ ಕೆಳಗೆ. ನಾನು ಮೊದಲ ಸಲ ನೋಡಿದಾಗ ತುಂಬಾ ಹೊತ್ತು ಅಲ್ಲೇ ನಿಂತುಬಿಟ್ಟಿದ್ದೆ.

2005ರ ಕಟ್ರಿನಾ ಚಂಡಮಾರುತದಲ್ಲಿ ಹೋದ ಮರ ಸುಮಾರು 1 ಲಕ್ಷ. ಜನ ತಿರುಗಿ ನೆಡುತ್ತಾ ಬಂದಿದ್ದಾರೆ. ಫೆಡರಲ್ ಸರ್ಕಾರದ 2022ರ ಕಾಯ್ದೆಯೊಂದರಲ್ಲಿ ಊರೊಳಗಿನ ಮರಗಳಿಗೆ ಅಂತ 150 ಕೋಟಿ ಡಾಲರ್ ಇಟ್ಟಾಗ ಇಲ್ಲಿನ ಸಣ್ಣ ಸಂಘಗಳಿಗೆ ಜೀವ ಬಂದಿತ್ತು. ಮರ ನೆಡಿಸುವ ಸಂಸ್ಥೆ ಆರ್ಬರ್ ಡೇ ಫೌಂಡೇಶನ್ ಮೂಲಕ ಹಂಚಬೇಕಿದ್ದ 7.5 ಕೋಟಿ ಡಾಲರನ್ನು ಈ ವರ್ಷ ಫೆಬ್ರವರಿಯಲ್ಲಿ ವಾಷಿಂಗ್ಟನ್ ರದ್ದು ಮಾಡಿತು. ನಮ್ಮೂರಿನ ಲೋವರ್ ನೈಂತ್ ವಾರ್ಡಿನಲ್ಲಿ ಸಸಿ ನೆಡುವ ಕೆಲಸಕ್ಕೂ ಅದರ ಪೆಟ್ಟು ಬಿತ್ತು. ಹಾಗಾಗಿ ನಿಮ್ಮ ಬಾಗಿಲಿಗೆ ಚೀಟಿ ಬಂದಿದೆ ಅಂದರೆ ಬೇಗ ಹೂಂ ಅನ್ನಿ. ಮುಂದಿನ ವರ್ಷ ಬರುತ್ತೋ ಇಲ್ಲವೋ.

ಹ್ಯೂಸ್ಟನ್ ಹಯಗ್ರೀವ

ನಾನು ಎರಡೂ ಕಡೆ. ಕಳೆದ ವರ್ಷ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂತು. 20 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗೆ ಕರೆಂಟ್ ಹೋಯಿತು. ಮರ ತಂತಿ ಮೇಲೆ ಬಿದ್ದದ್ದೇ ದೊಡ್ಡ ಕಾರಣ. ನಮಗೆ ಐದು ದಿನ ಕರೆಂಟಿಲ್ಲ. ದೋಸೆ ಹಿಟ್ಟು ಹುಳಿ ಬಂದು ಪಾತ್ರೆ ದಾಟಿ ಫ್ರಿಜ್ ಪೂರ್ತಿ ಹರಿದಿತ್ತು. ಆದರೆ ಆ ಐದು ದಿನ ಎಸಿ ಇಲ್ಲದೆ ಬದುಕಿದ್ದು ಹಿತ್ತಲಿನ ಲೈವ್ ಓಕ್ ಕೆಳಗೆ. ಅಕ್ಕಪಕ್ಕದ ನಾಲ್ಕು ಮನೆಯವರು ಕುರ್ಚಿ ತಂದು ಅಲ್ಲೇ ಬಿಡಾರ ಹೂಡಿದ್ದರು. ಈಗ ಯಾರನ್ನು ಬೈಯಲಿ, ಯಾರನ್ನು ಹೊಗಳಲಿ?

ಕಮ್ಮಿಂಗ್ ಕಾಕಾ

ಹಿಟ್ಟಿಗೆ ಉಪ್ಪು ಆಮೇಲೆ ಹಾಕಬೇಕಿತ್ತು.

ಹೊಂಗೆ ನೆರಳು

ಬೆಂಗಳೂರಿನಲ್ಲೂ ಇದೇ ಕಥೆ. ಮಳೆಗಾಲ ಬಂದರೆ ಗುಲ್‌ಮೊಹರ್ ಉರುಳುತ್ತದೆ, ಎಲ್ಲರೂ ಮರ ಕಡಿಯಿರಿ ಅನ್ನುತ್ತಾರೆ. ಏಪ್ರಿಲ್ ಬಂದರೆ ಎಲ್ಲರೂ ಅದರ ಕೆಳಗೇ ಸ್ಕೂಟರ್ ನಿಲ್ಲಿಸುತ್ತಾರೆ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನ ಮರ ಅಂದರೆ ಎಲ್ಲರೂ ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರ ಕ್ರುಂಬಿಗಲ್ ಅನ್ನುತ್ತಾರೆ. ಅವರು ಬಂದದ್ದು 1908ರಲ್ಲಿ. ಒಂದಾದ ಮೇಲೊಂದು ಹೂ ಬಿಡುವ ಹಾಗೆ ಸಾಲುಮರ ಹಾಕಿಸಿದರು, ನಿಜ. ಆದರೆ ಈಗ ನಾವು ನಿಂತಿರುವ ನೆರಳು ಬಹಳಷ್ಟು 1980ರ ದಶಕದ್ದು. ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ್ ಅವರು 15 ಲಕ್ಷ ಸಸಿ ಹಾಕಿಸಿದರು. ಮನೆ ಮುಂದೆ ನೆಟ್ಟು, ಆ ಮನೆಯವರನ್ನೇ ಕಾವಲಿಗೆ ಹಚ್ಚುವುದು ಅವರ ಜಾಣತನ. ಇಲ್ಲಿ ಅಮೆರಿಕದವರು ಚೀಟಿ ಸಿಕ್ಕಿಸಿ ಮಾಡುತ್ತಿರುವುದೂ ಅದೇ ಅಲ್ವಾ?

ಬಯಲುಸೀಮೆ

ನೆಡುವುದಕ್ಕೆ ಏನು, ಜೂನ್ 5ಕ್ಕೆ ಎಲ್ಲಾ ಕಡೆ ನೆಡುತ್ತಾರೆ, ಹೋದ ವರ್ಷದ ಗುಂಡಿಯಲ್ಲೇ. ತಿಮ್ಮಕ್ಕ ಹುಲಿಕಲ್ಲಿನಿಂದ ಕುದೂರಿನ ತನಕ 385 ಆಲದ ಮರ ಬೆಳೆಸಿದರಲ್ಲ, ಆ ಗಂಡ ಹೆಂಡತಿ ಕಿಲೋಮೀಟರ್‌ಗಟ್ಟಲೆ ನೀರು ಹೊತ್ತರು. ಮುಳ್ಳು ಕಟ್ಟಿ ದನದಿಂದ ಕಾದರು.

ಹ್ಯೂಸ್ಟನ್ ಹಯಗ್ರೀವ

ನೀರಿನ ಮಾತು ಬಂತು. 2011ರ ಬರದಲ್ಲಿ ಟೆಕ್ಸಾಸ್‌ನ ಊರುಗಳೊಳಗೇ ಸತ್ತ ಮರ 56 ಲಕ್ಷ. ಕಾಡಿನದ್ದು ಬೇರೆ ಲೆಕ್ಕ.

ಪೀಚ್‌ಟ್ರೀ ಪದ್ದಿ

ಅರಸೀಕೆರೆಯವರೇ, ನೀವು ಏರ್‌ಪೋರ್ಟ್ ಹತ್ತಿರ ಅಂದಿರಿ. ಬ್ರೌನ್ಸ್ ಮಿಲ್ ಫುಡ್ ಫಾರೆಸ್ಟ್ ನಿಮಗೆ ದೂರ ಇರಲಿಕ್ಕಿಲ್ಲ. ಅಪ್ಪನನ್ನು ಕರೆದುಕೊಂಡು ಹೋಗಿ. 7.1 ಎಕರೆ, ಮುಂಚೆ ಪೀಕಾನ್ (ಅಕ್ರೋಟಿನಂಥ ಕಾಯಿ) ತೋಟವಾಗಿತ್ತು. ಈಗ ಊರವರ ತೋಟ. ಹಣ್ಣು, ಸೊಪ್ಪು, ಗಿಡಮೂಲಿಕೆ. ಕಾಸು ಇಲ್ಲ, ಬೇಕಾದಷ್ಟು ಕಿತ್ತುಕೊಳ್ಳಬಹುದು, ಪಕ್ಕದವರಿಗೂ ಬಿಡಬೇಕು ಅಷ್ಟೇ. ಸುತ್ತಮುತ್ತ ಒಳ್ಳೇ ತರಕಾರಿ ಅಂಗಡಿ ಇಲ್ಲದ ಬೀದಿಗಳಿಗೆ ಅಂತಲೇ ಮಾಡಿದ್ದು.

ಹಾಗೇ ಎಲ್ಲಾದರೂ ಪಾಪಾ ಹಣ್ಣು ಸಿಕ್ಕರೆ ಬಿಡಬೇಡಿ. ಪಪ್ಪಾಯಿ ಅಲ್ಲ. ನಮ್ಮ ಸೀತಾಫಲದ ಕುಟುಂಬ. ಈ ತಿಂಗಳೇ ಹಣ್ಣಾಗುವುದು.

ಸಂಪಿಗೆ ರಸ್ತೆ

ಸೀತಾಫಲ ಅಂದಿರಾ?! ಎಲ್ಲಿ? ಬೀಜ ಸಿಗುತ್ತಾ? ಅಂಚೆಯಲ್ಲಿ ಕಳಿಸುತ್ತೀರಾ?

ಪೀಚ್‌ಟ್ರೀ ಪದ್ದಿ

ಬೀಜ ಒಣಗಿಸಬಾರದು, ಒಣಗಿದರೆ ಹುಟ್ಟುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಮೂರು ತಿಂಗಳು ಇಡಬೇಕು. ಬೇರೆ ಥ್ರೆಡ್ ಶುರು ಮಾಡಿ, ಹೇಳುತ್ತೇನೆ.

ಕೋರ್ಟು ಕಟ್ಟೆ

ಕಾನೂನಿನ ಮಾತು, ಸಲಹೆ ಅಂತ ತಗೋಬೇಡಿ. ಪಕ್ಕದವರ ಗಟ್ಟಿ ಮರ ಗಾಳಿಗೆ ನಿಮ್ಮ ಮನೆ ಮೇಲೆ ಬಿದ್ದರೆ ಜಾರ್ಜಿಯಾದಲ್ಲಿ ಸಾಮಾನ್ಯವಾಗಿ ನಿಮ್ಮ ಇನ್ಶೂರೆನ್ಸೇ ನೋಡಿಕೊಳ್ಳಬೇಕು. ಕಣ್ಣಿಗೆ ಕಾಣುವ ಹಾಗೆ ಒಣಗಿದ್ದು, ಕೊಳೆತದ್ದು ಗೊತ್ತಿದ್ದೂ ಅವರು ಬಿಟ್ಟಿದ್ದರೆ ಹೊಣೆ ಅವರದು. ಅದಕ್ಕೇ ಫೋಟೊ ತೆಗೆದು ಬರಹದಲ್ಲಿ ತಿಳಿಸಿಡಿ. ಇನ್ನೊಂದು, ಅಟ್ಲಾಂಟಾ ನಗರದೊಳಗೆ 6 ಇಂಚು ದಪ್ಪ ದಾಟಿದ ಓಕ್ ಥರದ ಮರಕ್ಕೆ ಅನುಮತಿ ಇಲ್ಲದೆ ಕೊಡಲಿ ಹಾಕುವ ಹಾಗಿಲ್ಲ. ನಿಮ್ಮದೇ ಅಂಗಳ ಆದರೂ.

ಕಮ್ಮಿಂಗ್ ಕಾಕಾ

ನೋಡಿದಿರಾ? ಒಮ್ಮೆ ನೆಟ್ಟರೆ ಅಳಿಯನ ಹಾಗೆ. ಹೊರಗೆ ಹಾಕಲು ಆಗುವುದಿಲ್ಲ.

ಅರಸೀಕೆರೆ_ಅಟ್ಲಾಂಟಾ

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲಾ ಹೆಂಡತಿಗೆ ಓದಿ ಹೇಳಿದೆ. ವಾಟರ್ ಓಕ್ ಅಲ್ಲ, ಮನೆಯಿಂದ 25 ಅಡಿ ದೂರ, ತಂತಿ ಇಲ್ಲದ ಮೂಲೆ, ಈ ಮೂರು ಷರತ್ತಿಗೆ ಒಪ್ಪಿದ್ದಾಳೆ. ಅಣ್ಣನಿಗೂ ಫೋನ್ ಮಾಡಿದಳು. ಅಗಸ್ಟಾದಲ್ಲಿ ಬಿದ್ದ ಮರದ ಪಕ್ಕ ಮೂರು ವರ್ಷ ಹಿಂದೆ ಒಳಚರಂಡಿ ಪೈಪ್ ಹಾಕಿದ್ದರಂತೆ. ಹಳೇಬೇರು ಅವರೇ, ಇಲ್ಲಿ ಕೂತೇ ಕಂಡುಹಿಡಿದಿರಿ! ನೆಡುವುದು ನವೆಂಬರ್‌ನಲ್ಲಿ. ಏನಾದರೂ ತಯಾರಿ ಬೇಕಾ?

ಹಳೇಬೇರು

ಗುಂಡಿ ತೋಡುವ ಮೊದಲು 811ಕ್ಕೆ ಫೋನ್ ಮಾಡಿದ್ದಾರಾ ಕೇಳಿ. ನೆಲದೊಳಗಿನ ಗ್ಯಾಸ್, ಕೇಬಲ್ ಎಲ್ಲಿದೆ ಅಂತ ಬಂದು ಬಣ್ಣ ಹಾಕಿ ಹೋಗುತ್ತಾರೆ, ಪುಕ್ಕಟೆ.

ನಿಮ್ಮದು ಕೆಮ್ಮಣ್ಣು, ಜಿಗಟು. ಆಳ ತೋಡಿ ಒಳ್ಳೇ ಗೊಬ್ಬರದ ಮಣ್ಣು ತುಂಬುತ್ತೇವೆ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಅದು ಮಡಕೆಯಲ್ಲಿ ಗಿಡ ಇಟ್ಟ ಹಾಗೆ. ಮಳೆ ಬಂದರೆ ನೀರು ಒಳಗೇ ನಿಲ್ಲುತ್ತದೆ, ಬೇರು ಹೊರಗೆ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ. ಬೇರಿನ ಉಂಡೆ ಎಷ್ಟು ಎತ್ತರವೋ ಗುಂಡಿ ಅಷ್ಟೇ ಆಳ. ಅಗಲ ಮಾತ್ರ ಎರಡು ಮೂರು ಪಟ್ಟು. ತೆಗೆದ ಕೆಮ್ಮಣ್ಣನ್ನೇ ವಾಪಸ್ ಹಾಕಿ. ಬುಡ ಅಗಲವಾಗಿ ಬೇರಾಗಿ ಒಡೆಯುವ ಜಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು. ಮಲ್ಚ್, ಅಂದರೆ ಬುಡದ ಸುತ್ತ ಹೊದಿಸುವ ಮರದ ಚೂರು, ಮೂರು ಇಂಚು ಸಾಕು, ಕಾಂಡಕ್ಕೆ ತಾಗದ ಹಾಗೆ, ಉದ್ದಿನ ವಡೆ ಆಕಾರದಲ್ಲಿ. ಇಲ್ಲಿ ಎಲ್ಲರೂ ಹುತ್ತದ ಥರ ಗುಡ್ಡೆ ಮಾಡುತ್ತಾರೆ. ಒಳಗೆ ತೊಗಟೆ ಕೊಳೆಯುತ್ತದೆ.

ನೀರು ವಾರಕ್ಕೊಮ್ಮೆ 15, 20 ಗ್ಯಾಲನ್, ನಿಧಾನವಾಗಿ. ದಿನಾ ಒಂದು ಚೊಂಬು ಹಾಕಿದರೆ ಪ್ರಯೋಜನ ಇಲ್ಲ.

ಅರಸೀಕೆರೆ_ಅಟ್ಲಾಂಟಾ · ನವೆಂಬರ್ 23

ನೆಟ್ಟಾಯಿತು! ಓವರ್‌ಕಪ್ ಓಕ್, ನನ್ನಷ್ಟೇ ಎತ್ತರ. ಎಂಟು ಜನ ಬಂದಿದ್ದರು, ಅದರಲ್ಲಿ ಇಬ್ಬರು ಹೈಸ್ಕೂಲ್ ಹುಡುಗರು. ನಮ್ಮ ಬೀದಿಯಲ್ಲೇ ಒಟ್ಟು ಒಂಬತ್ತು ಮರ ಹಾಕಿದರು. ಮಣ್ಣು ತೆಗೆದ ತಕ್ಷಣ ಅಪ್ಪ ಒಂದು ಹಿಡಿ ಎತ್ತಿ ಉಂಡೆ ಮಾಡಿ ಒತ್ತಿ ನೋಡಿದರು. "ನಮ್ಮ ಹೊಲದ್ದೇ" ಅಂದರು. ಆಮೇಲೆ ಸನಿಕೆ ಕಸಿದುಕೊಂಡು ತಾವೇ ಇಳಿದುಬಿಟ್ಟರು. ಆ ಹುಡುಗರು ಗಾಬರಿ. 71 ವರ್ಷದವರು ಪಂಚೆ ಎತ್ತಿ ಕಟ್ಟಿ ಮಣ್ಣು ಎತ್ತುತ್ತಿದ್ದರೆ ಇನ್ನೇನು.

ಎದುರು ಮನೆ ಅಜ್ಜಿಯೂ ಬಂದಿದ್ದರು. ಅವರ ಮರ ಅವರ ಗಂಡ 1974ರಲ್ಲಿ ನೆಟ್ಟದ್ದಂತೆ. ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅಪ್ಪ ಕೈ ಮುಗಿದರು.

ಒಂದು ತೊಂದರೆ. ದಿನಾ ನೀರು ಬೇಡ ಅಂದರೂ ಅಕ್ಕಿ ತೊಳೆದ ನೀರು ತಂದು ಹಾಕುತ್ತಾರೆ. ಹೇಗೆ ತಡೆಯಲಿ?

ಹಳೇಬೇರು

ಅಕ್ಕಿ ನೀರಿಗೆ ಮರ ಸಾಯುವುದಿಲ್ಲ. ಬಿಡಿ, ಹಾಕಲಿ.

ಅರಸೀಕೆರೆ_ಅಟ್ಲಾಂಟಾ · ಜನವರಿ 18

ನಾನು ಇವರ ಹೆಂಡತಿ, ಇವರ ಅಕೌಂಟಿನಿಂದ ಬರೆಯುತ್ತಿದ್ದೇನೆ. ಮಾವ ಡಿಸೆಂಬರ್‌ನಲ್ಲಿ ಊರಿಗೆ ಹೋದರು. ವಿಡಿಯೊ ಕಾಲ್ ಮಾಡಿದರೆ ಮೊಮ್ಮಗನಿಗಿಂತ ಮೊದಲು ಮರ ತೋರಿಸು ಅನ್ನುತ್ತಾರೆ. ಈಗ ಒಂದು ಎಲೆಯೂ ಇಲ್ಲ. ಕೋಲು ನೆಟ್ಟ ಹಾಗೆ ನಿಂತಿದೆ. ಮೂರು ದಿನದಿಂದ ನೆಟ್‌ವರ್ಕ್ ಸರಿ ಇಲ್ಲ ಅಂತ ಸುಳ್ಳು ಹೇಳುತ್ತಿದ್ದೇನೆ. ಸತ್ತಿದೆಯಾ?

ಹಳೇಬೇರು

ಅತ್ತಿಗೆ, ಸಣ್ಣ ಕೊಂಬೆ ಒಂದನ್ನು ಹಿಡಿದು ಉಗುರಿನಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಕಂದು ಇದ್ದರೆ ಕೊಂಬೆ ಹೋಗಿದೆ. ಹಸಿರಿದ್ದರೆ ನಿದ್ದೆ ಮಾಡುತ್ತಿದೆ.

ಅರಸೀಕೆರೆ_ಅಟ್ಲಾಂಟಾ

ತಡೆಯಿರಿ, ಚಪ್ಪಲಿ ಹಾಕಿಕೊಂಡು ಬರುತ್ತೇನೆ.

ಅರಸೀಕೆರೆ_ಅಟ್ಲಾಂಟಾ

ಹಸಿರು. ಮಾವನಿಗೆ ಫೋನ್ ಮಾಡುತ್ತಿದ್ದೇನೆ.

ಕಮ್ಮಿಂಗ್ ಕಾಕಾ

ಅಲ್ಲಿ ಈಗ ನಡುರಾತ್ರಿ ಇರಬೇಕು ತಂಗಿ, ಬೆಳಗಾಗಲಿ. ಮತ್ತೆ ಆ ಚೀಟಿ ಕೊಡುವವರು ನಮ್ಮ ಕಮ್ಮಿಂಗ್ ಕಡೆಗೂ ಬರುತ್ತಾರಾ? ಸುಮ್ನೆ ಕೇಳಿದೆ.